ಕೂಗಿದರೆ ಕೇಳಿಸುವಷ್ಟು ದೂರ

ಫೆಬ್ರವರಿ 9, ಬೆಳಿಗ್ಗೆ

ಇನ್ನೊಂದು ಪ್ಲಾನೂ ಕಸದ ಬುಟ್ಟಿಗೆ. ಸೈಟಿನ ಇಳಿಜಾರು ಎಂಥದ್ದೆಂದರೆ, ಮೇಲೆ ರಸ್ತೆಯಲ್ಲಿ ನಿಂಬೆಹಣ್ಣು ಬಿಟ್ಟರೆ ಕೆಳಗೆ ಬೇಲಿಯ ಹತ್ತಿರ ಹೋಗಿ ಹೆಕ್ಕಬೇಕು. ಆಫೀಸಿನಲ್ಲಿ ಕಂಡವರ ಮನೆಗಳಿಗೆಲ್ಲ ಪ್ಲಾನ್ ಬರೆದು ಕೊಟ್ಟಿದ್ದೇನೆ. ನಮ್ಮದೊಂದು ಬರೆಯುವಷ್ಟರಲ್ಲಿ ಜೀವ ಹೈರಾಣ. ಅಣ್ಣನಿಗೆ ಮಂಡಿನೋವು, ರಸ್ತೆಗೆ ಹತ್ತಿರ ಬೇಕು. ಅತ್ತಿಗೆಗೆ ಅಡುಗೆಮನೆಗೆ ಬೆಳಗಿನ ಬಿಸಿಲು ಬೇಕು. ಅಕ್ಕ-ಭಾವನಿಗೆ ಚಿಕ್ಕಪ್ಪನ ಗೊರಕೆಯಿಂದ ದೂರವಿದ್ದರೆ ಸಾಕು. ಅಣ್ಣನ ಅವಳಿ ಮಕ್ಕಳಿಗೆ ಮೆಟ್ಟಿಲೇ ಬೇಡವಂತೆ, ಜಾರುಬಂಡಿ ಸಾಕಂತೆ.

ಅಮ್ಮನದು ಒಂದೇ ಕಾನೂನು. "ಅಡುಗೆಮನೆಯಿಂದ ಕೂಗಿದ್ರೆ ಎಲ್ಲಾ ರೂಮಿಗೂ ಕೇಳ್ಬೇಕು. ಕೇಳದೇ ಇದ್ರೆ ಅದು ಮನೆಯಲ್ಲ, ಲಾಡ್ಜು."

ಊಟಕ್ಕೆ ಮುಂಚೆ ಅಮ್ಮ ಹಾಜರಿ ಕೂಗುತ್ತಾಳೆ. ಮೊದಲು ಮಕ್ಕಳು, ಆಮೇಲೆ ದೊಡ್ಡವರು, ಆಮೇಲೆ ನಾನು — ಮನೆಯವರ ಬಾಯಲ್ಲಿ 'ಸ್ಕೇಲು'. ಕೊನೆಗೆ ನನ್ನ ಬೆನ್ನಿಗೆ ಹುಟ್ಟಿದ ತಮ್ಮ, ಲೇಟು. ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಗೇಟಿನಿಂದಲೇ "ಬಂದೇ..." ಎಂದು ರಾಗ ಎಳೆಯುತ್ತಿದ್ದ. ಈ ಸೈಟು ಹುಡುಕಿದವನೂ ಅವನೇ. ಹೋದ ವರ್ಷ ಇನ್ನೊಮ್ಮೆ ನೋಡಿ ಬರ್ತೀನಿ ಅಂತ ಬೈಕ್ ಹತ್ತಿ ಹೋದ. ತಿರುವು, ಲಾರಿ... ಈಗ ಅಮ್ಮ ನನ್ನ ಹೆಸರಿಗೆ ನಿಲ್ಲಿಸುತ್ತಾಳೆ. ಒಂದು ಉಸಿರಿನಷ್ಟು ಹೊತ್ತು ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಆಮೇಲೆ ಉಣ್ಣುತ್ತೇವೆ.

ಫೆಬ್ರವರಿ 12

ಅಮ್ಮ ಪ್ಲಾನಿನ ಮೇಲೆ ಬೆರಳಾಡಿಸಿದಳು. "ಲೇಟುದು ಎಲ್ಲಿ?"

ಎಲ್ಲರೂ ನನ್ನ ಮುಖ ನೋಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜನ.

"ಅಮ್ಮಾ, ಇರೋರಿಗೇ ಜಾಗ ಸಾಲ್ತಿಲ್ಲ" ಅಂದೆ.

"ಹಾಗಾದ್ರೆ ನೀವು ಹೋಗಿ. ಅವನಿಗೆ ರೂಮಿಲ್ಲದ ಮನೆಗೆ ನಾನು ಕಾಲಿಡಲ್ಲ."

ಬಾಡಿಗೆ ಮನೆ ವರ್ಷದ ಕೊನೆಗೆ ಖಾಲಿ ಮಾಡಬೇಕು. ಅಮ್ಮನನ್ನು ಬಿಟ್ಟು ಎಲ್ಲಿಗೆ ಹೋಗುವುದು? ಆಮೇಲೆ ಅಣ್ಣ ಪಿಸುಗುಟ್ಟಿದ: "ಒಂದು ರೂಮ್ ತಾನೇ, ಹಾಕ್ಬಿಡೇ. ಸ್ಟೋರ್ ರೂಮ್ ಅಂದ್ಕೊಳ್ಳೋಣ."

ಆಗಲ್ಲ. ಖಾಲಿ ಮಂಚ, ಮಡಿಸಿಟ್ಟ ಶರ್ಟು, ಯಾರೂ ಇಲ್ಲದ ಕೋಣೆಯನ್ನು ದಿನಾ ಗುಡಿಸುವುದು — ಅಂಥ ಬಾಗಿಲ ಮುಂದೆ ಬದುಕೆಲ್ಲ ಓಡಾಡಲು ನನ್ನಿಂದಾಗದು. ಹೆದರಿಕೆಯಾ ಅಂದರೆ ಹೌದು, ಹೆದರಿಕೆ.

ಮಾರ್ಚ್ 2

ಉಪಾಯ ಹೊಳೆಯಿತು! ಮನೆಯನ್ನು ಮೂರು ಹಂತ ಮಾಡಿದೆ. ರಸ್ತೆಯ ಮಟ್ಟಕ್ಕೆ ಅಡುಗೆಮನೆ, ಊಟದ ಹಾಲ್, ಅಮ್ಮ, ಅಣ್ಣ. ಇಳಿದರೆ ಉಳಿದವರು. ಎಲ್ಲಕ್ಕಿಂತ ಕೆಳಗೆ, ಬಂಡೆಯ ಮಗ್ಗುಲಲ್ಲಿ, ಲೇಟುವಿನ ರೂಮು. ಅಮ್ಮನಿಗೆ ಖುಷಿಯೋ ಖುಷಿ.

ಅವಳಿಗೆ ಗೊತ್ತಿಲ್ಲ, ಅಲ್ಲಿಗೆ ಕೂಗು ಮುಟ್ಟುವುದಿಲ್ಲ. ಮೊನ್ನೆ ಮೇಸ್ತ್ರಿಯನ್ನು ಮೇಲೆ ನಿಲ್ಲಿಸಿ ಕೂಗಿಸಿ ನೋಡಿದೆ. ಆತ ಗಂಟಲು ಹರಿದುಕೊಂಡ. ಕೆಳಗೆ ನನಗೆ ಒಂದಕ್ಷರ ಕೇಳಿಸಲಿಲ್ಲ. ಅಮ್ಮನ ಕಾನೂನೇ ಆ ರೂಮನ್ನು ಹೊಡೆದುಹಾಕುತ್ತದೆ. ನಾನು ಕೆಟ್ಟವಳಾಗಬೇಕಿಲ್ಲ.

ಮಾರ್ಚ್ 15, ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಎಲ್ಲರನ್ನೂ ಸೈಟಿಗೆ ಕರೆದೊಯ್ದೆ. ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ನೆಲದ ಮೇಲೆ ಗುರುತು ಹಾಕಿದ್ದ. ಅವರವರ ರೂಮಿನಲ್ಲಿ ಅವರವರು ನಿಂತರು. ಅವಳಿಗಳು ಗೆರೆ ದಾಟಿ ಓಡಾಡಿ ಅತ್ತಿಗೆಯಿಂದ ಬೈಸಿಕೊಂಡವು: "ಬಾಗಿಲಲ್ಲಿ ಬನ್ರೋ ಕತ್ತೆಗಳಾ, ಅದು ಗೋಡೆ!" ಚಿಕ್ಕಪ್ಪ ತನ್ನ ಚೌಕದಲ್ಲಿ ಕುರ್ಚಿ ಹಾಕಿಕೊಂಡು ಕೂತ.

ಲೇಟುವಿನ ರೂಮಿನಲ್ಲಿ ನಾನು. ನನ್ನ ಹೆಸರು ಕೇಳಿಸಿದರೆ ಹೂಂ ಅನ್ನಬೇಕು, ಕೇಳಿಸದಿದ್ದರೆ ರೂಮು ರದ್ದು — ಒಪ್ಪಂದ ಅದು. ಬಂಡೆಯ ಪಕ್ಕದಿಂದ ಇಣುಕಿದರೆ ಮೇಲಿನವರು ಕಾಣುತ್ತಿದ್ದರು. ಅಮ್ಮ ಬಾಯಿಯ ಇಕ್ಕೆಲಕ್ಕೆ ಕೈ ಹಿಡಿದು ಕೂಗತೊಡಗಿದಳು. ಒಬ್ಬೊಬ್ಬರೂ ಕೈ ಎತ್ತುತ್ತ ಬಂದರು; ಚಿಕ್ಕಪ್ಪನ ಕೈಯನ್ನು ಮಾತ್ರ ಭಾವ ಎತ್ತಿಸಿದ. ನನಗೆ ಏನೂ ಇಲ್ಲ, ಬರೀ ಗಾಳಿ. ಗೆದ್ದೆ ಅಂದುಕೊಂಡೆ.

ಇದ್ದಕ್ಕಿದ್ದಂತೆ ಎಲ್ಲರ ಮುಖ ನನ್ನ ಕಡೆ ತಿರುಗಿತು. ಅಕ್ಕ ಬಾಯಿಗೆ ಅಂಗೈ ಒತ್ತಿಕೊಂಡಳು.

ಹತ್ತಿ ಹೋದರೆ ಅಣ್ಣ ಕೆಂಡವಾಗಿದ್ದ. "ನಾಚಿಕೆ ಆಗಲ್ವೇನೇ? ನಿನ್ನ ಹೆಸರಿಗೆ ಬಾಯೇ ಬಿಡ್ಲಿಲ್ಲ. ಅಮ್ಮ ಅವನ ಹೆಸರು ಕೂಗಿದ್ದೇ ತಡ, ಥೇಟ್ ಅವನ ಥರ 'ಬಂದೇ' ಅಂತೀಯಲ್ಲ!"

"ನಾನೆಲ್ಲಿ ಅಂದೆ? ಅಮ್ಮ ಕೂಗಿದ್ದೇ ನಂಗೆ ಕೇಳಿಸ್ಲಿಲ್ಲ!"

"ಸುಳ್ಳು ಬೇರೆ."

ಅಮ್ಮ ವರ್ಷದ ಮೇಲೆ ಮೊದಲ ಸಲ ಅವನ ಹೆಸರು ಕೂಗಿದ್ದಳು. ಅವಳ ಮುಖ ತೊಳೆದಿಟ್ಟ ಹಾಗಿತ್ತು. "ಕೇಳ್ಸುತ್ತೆ. ಕಟ್ಸಿ" ಅಂದಳು, ಅಷ್ಟೇ.

ದೇವರಾಣೆ, ನಾನು ತುಟಿ ಬಿಚ್ಚಿಲ್ಲ.

ಮಾರ್ಚ್ 16

ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. ಅತ್ತಿಗೆ, "ಹೋಗ್ಲಿ ಬಿಡು, ಅತ್ತೆ ಒಪ್ಪಿದ್ರಲ್ಲ, ಒಳ್ಳೇದಕ್ಕೇ ಮಾಡಿದೆ" ಎಂದಳು. ಅವಳಿಗಳು "ಇನ್ನೊಂದ್ಸಲ ಅನ್ನು ಅತ್ತೇ" ಎಂದು ಬೆನ್ನು ಬಿದ್ದಿವೆ. ಚಿಕ್ಕಪ್ಪನಿಗೂ ಕೇಳಿಸಿದೆಯಂತೆ. "ಸ್ವಲ್ಪ ಶೀತ ಆಗಿತ್ತೇನೋ ಅವನಿಗೆ" ಎಂದ. ಪಕ್ಕದಲ್ಲಿ ಪಾತ್ರೆ ಬಿದ್ದರೂ ತಿರುಗದ ಮನುಷ್ಯ. ನಿನ್ನೆ ಕಿವಿಯ ಮಷಿನನ್ನು ಮನೆಯಲ್ಲೇ ಮರೆತು ಬಂದಿದ್ದ.

ಏಪ್ರಿಲ್ 20

ಇಷ್ಟು ದಿನ ಬರೆಯಲಾಗಲಿಲ್ಲ. ಸಿಟ್ಟು. ಯಾರ ಮೇಲೆ ಅಂತ ಈಗ ಗೊತ್ತಾಯಿತು. ಎಲ್ಲರಿಗೂ ಕೇಳಿಸಿದೆ, ಅವನ ರೂಮಿನಲ್ಲೇ ನಿಂತಿದ್ದ ನನ್ನೊಬ್ಬಳನ್ನು ಬಿಟ್ಟು. ಒಂದೇ ಹೊದಿಕೆಗೆ ಕಿತ್ತಾಡಿ ಬೆಳೆದವಳು ನಾನು. ನನಗೇ ಇಲ್ಲವೇನೋ, ದರಿದ್ರದವನೇ?

ಬಟ್ಟೆ ಮಡಿಸುತ್ತಿದ್ದ ಅಮ್ಮ ಮೆಲ್ಲಗೆ ಅಂದಳು: "ನೀನಲ್ಲ ಅಂತ ನಂಗೊತ್ತು ಬಿಡೇ. ಆ ರಾಗ ನಿಂಗೆಲ್ಲಿ ಬರುತ್ತೆ?"

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಪ್ಲಾನ್ ತಿದ್ದಿದೆ. ತಿರುವು ಮೆಟ್ಟಿಲು ತೆಗೆದು, ಅಡುಗೆಮನೆಯ ಬಾಗಿಲಿನಿಂದ ಕೆಳಗಿನ ರೂಮಿನವರೆಗೆ ನೇರ ಇಳಿಸಿದೆ. ಆಫೀಸಿನ ಇಂಜಿನಿಯರ್ ನೋಡಿ, "ಜಾಗ ದಂಡ ಕಣ್ರೀ. ಮೇಲೆ ಚಮಚ ಬಿದ್ರೂ ಕೆಳಗೆ ಕೇಳುತ್ತೆ" ಅಂದರು. ನನಗೆ ಬೇಕಾದ್ದೂ ಅದೇ.

ನವೆಂಬರ್ 28, ಮಧ್ಯಾಹ್ನ

ಬಂದೆವು. ಸಾಮಾನು ಇನ್ನೂ ಗಂಟುಮೂಟೆಯಲ್ಲೇ ಇದೆ. ನನ್ನ ರೂಮನ್ನು ಅವಳಿಗಳಿಗೆ ಬಿಟ್ಟುಕೊಟ್ಟು, ಮಂಚವನ್ನು ಕೆಳಗಿನ ರೂಮಿಗೆ ಹಾಕಿಸಿಕೊಂಡೆ. "ಒಬ್ಳೇ ಇರ್ತೀಯಾ? ಭಯ ಆಗಲ್ವಾ?" ಎಂದಳು ಅಕ್ಕ. ಆಗುತ್ತದೆ. ಆದರೂ ಬಾಗಿಲು ಮುಚ್ಚಿಲ್ಲ.

ಅದೇ ದಿನ, ರಾತ್ರಿ ಊಟದ ಹೊತ್ತು

ಮೇಲೆ ತಟ್ಟೆಗಳ ಸದ್ದು. ಇವತ್ತು ಕೊನೆಯ ಹೆಸರಿನವರೆಗೂ ಕೂಗುತ್ತಾಳಂತೆ ಅಮ್ಮ. "ಮತ್ತೆ ಹಾಗೆ ಮಾಡಿದ್ರೆ ನೋಡು" ಎಂದು ಅಣ್ಣ ಆಗಲೇ ಕಣ್ಣು ಬಿಟ್ಟಿದ್ದಾನೆ. ಮಾಡುವುದಿಲ್ಲ. ಮಾಡುವವರು ಮಾಡಲಿ.

ಶುರುವಾಯಿತು. ಅವಳಿಗಳು, ಇಬ್ಬರೂ ಒಟ್ಟಿಗೆ. ಚಿಕ್ಕಪ್ಪ, ಎರಡು ಸಲ ಕೂಗಿಸಿಕೊಂಡು. ಅಣ್ಣ. ಅತ್ತಿಗೆ. ಅಕ್ಕ. ಭಾವ. ಮೆಟ್ಟಿಲಿಳಿದು ಅಕ್ಷರ ಅಕ್ಷರವೂ ಬರುತ್ತಿದೆ.

"ಸ್ಕೇಲೂ..."

ಹೂಂ ಅಂದೆ.

ಇನ್ನು —