ಬುಟ್ಟಿಗೊಂದು ಇಟ್ಟಿಗೆ ಚೂರು

ಜನವರಿ ೯, ಸಂಜೆ

ಇವತ್ತು ಐವತ್ತೆಂಟು ಬುಟ್ಟಿ ಕಲ್ಲಿದ್ದಲು. ಒಂದು ಬುಟ್ಟಿ ಭಟ್ಟಿಯ ಮೇಲೆ ಹೋದರೆ ಒಂದು ಇಟ್ಟಿಗೆ ಚೂರು ಗೋಡೆ ಪಕ್ಕ ಇಡುತ್ತೇನೆ. ದಿನಕ್ಕೊಂದು ಗುಡ್ಡೆ. ಸಂಜೆ ಎಣಿಸಿ ಮೊಮ್ಮಗಳ ನೀಲಿ ಪುಸ್ತಕದಲ್ಲಿ ಬರೆಯುವುದು. ಅವಳ ಕಾಲೇಜಿನ ಪ್ರಾಜೆಕ್ಟ್ ಅಂತೆ — ಜನರ ಕೈಗೆ ದುಡ್ಡು ಬಂದರೆ, ತಲೆಗೆ ಓದು ಹತ್ತಿದರೆ, ಹೊಗೆ ಏರುತ್ತದೋ ಇಳಿಯುತ್ತದೋ. ಸುತ್ತಲಿನ ಇಪ್ಪತ್ತಮೂರು ಇಟ್ಟಿಗೆ ಭಟ್ಟಿ ನೋಡುತ್ತಾಳಂತೆ. ನನ್ನ ಮಗನದೂ, ಅಂದರೆ ಅವಳ ಅಪ್ಪನದೂ ಒಂದು.

"ಭಟ್ಟಿ ಲೆಕ್ಕ ಬರೆಯೋ ರೈಟರ್‌ಗೆ ಹೇಳೇ, ಬರೀತಾನೆ" ಅಂದೆ.

"ಅವನು ಅಪ್ಪನ ಮುಖ ನೋಡ್ಕೊಂಡು ಬರೀತಾನೆ. ನೀನಾದ್ರೆ ಯಾರಿಗೂ ಹೆದರಲ್ಲ ಅಜ್ಜಿ."

ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಡಿದವಳಿಗೆ ಈ ವಯಸ್ಸಲ್ಲಿ ನೌಕರಿ. ಜೊತೆಗೆ ಈ ಕೆಂಪು ಪುಸ್ತಕವನ್ನೂ ಕೊಟ್ಟಳು. "ಇದು ನಿಂದು. ತೋಚಿದ್ದು ಬರ್ಕೋ, ನಾನು ನೋಡಲ್ಲ."

ಜನವರಿ ೧೫

ಅರವತ್ತು. ಮೇಡಂ — ಮೊಮ್ಮಗಳನ್ನು ನಾನು ಕರೆಯುವುದೇ ಹಾಗೆ — ಒಂದು ಗೆರೆ ತೋರಿಸಿದಳು. ಥೇಟ್ ಗುಡ್ಡ.

"ಬಡತನ ಇದ್ದಾಗ ಹೊಗೆ ಕಮ್ಮಿ. ದುಡಿಮೆ ಹೆಚ್ಚಿದಂಗೆ ಏರುತ್ತೆ. ಆಮೇಲೆ ಓದು, ಒಳ್ಳೆ ಮಷೀನು ಎಲ್ಲ ಬಂದು ಇಳಿಯುತ್ತೆ ಅಂತಾರೆ."

"ನಾವು ಎಲ್ಲಿದ್ದೀವಿ?"

"ಹತ್ತುತಾ ಇದ್ದೀವಿ."

"ತುದಿ ಎಲ್ಲಿ?"

"ಅದೇ ಗೊತ್ತಿಲ್ಲ."

"ತುದಿ ಗೊತ್ತಿಲ್ಲದ ಗುಡ್ಡ ಹತ್ತಿಸ್ತಿದ್ದೀಯಲ್ಲೇ, ನನ್ನ ಮಂಡಿನ ಒಂದು ಮಾತು ಕೇಳಿದ್ಯಾ?"

ನಕ್ಕಳು. ನನಗೆ ಮಾತ್ರ ತಲೆ ಗಿರ್ ಅಂದಿತು. ನಾನು, ನನ್ನ ಗಂಡ ಕೈಯಲ್ಲಿ ಇಟ್ಟಿಗೆ ಕೊಯ್ಯುತ್ತಿದ್ದಾಗ ವರ್ಷಕ್ಕೊಂದೇ ಸಲ ಸುಡುತ್ತಿದ್ದೆವು. ಇವಳನ್ನು ಓದಿಸಬೇಕೆಂದೇ ಮಗ ದಿನಾ ಉರಿಯುವ ಈ ಚಿಮಣಿ ಭಟ್ಟಿ ಎತ್ತಿಸಿದ. ಈ ವರ್ಷದ ಇಟ್ಟಿಗೆಯೆಲ್ಲ ಹೋಗುತ್ತಿರುವುದು ಇವಳ ಕಾಲೇಜಿನ ಹೊಸ ಕಟ್ಟಡಕ್ಕೇ. ಹಾಗಾದರೆ ಈ ಹೊಗೆ ಯಾರದು? ಮಗನದೋ, ಕಾಲೇಜಿನದೋ, ಇವಳದೋ? ಕೇಳಿದೆ. ಮೇಡಂ ಅದನ್ನೂ ಬರೆದುಕೊಂಡಳು.

ಜನವರಿ ೨೪

ಐವತ್ತೊಂಬತ್ತು. ಮೇಡಂ ಭಟ್ಟಿ ಹತ್ತಿ ಬೆಂಕಿಯಣ್ಣನಿಗೆ ಪಾಠ ಮಾಡಿದಳು. ಬೆಂಕಿ ನೋಡಿಕೊಳ್ಳುವವನು ಅವನೇ. "ಒಂದೇ ಸಲ ಸುರೀಬೇಡಿ, ಸ್ವಲ್ಪ ಸ್ವಲ್ಪ ಹಾಕಿ, ಕಲ್ಲಿದ್ದಲು ಉಳಿಯುತ್ತೆ." ಹೂಂ ಹೂಂ ಅಂದ. ಇವಳು ಬೆನ್ನು ತಿರುಗಿಸಿದ್ದೇ ತಡ, ಬುಟ್ಟಿ ಬೋರಲು.

ಜನವರಿ ೨೫, ಮಧ್ಯಾಹ್ನ

ಹಳ್ಳದಾಚೆಯ ಭಟ್ಟಿಗೆ ಬೀಗ. ಹೊಗೆ ಜಾಸ್ತಿ ಎಂದು ಪೊಲ್ಯೂಷನ್ ಆಫೀಸಿನವರು ಮುಚ್ಚಿಸಿದರು. ಮಗ ತಟ್ಟೆ ಮುಂದೆ ಕೂತವನು ತಿನ್ನಲೂ ಇಲ್ಲ, ಏಳಲೂ ಇಲ್ಲ.

"ನಮ್ಮದೂ ಮುಚ್ಚಿದ್ರೆ ಇವಳ ಕೊನೇ ವರ್ಷದ ಫೀಸು ಹೆಂಗಮ್ಮ?"

ಮೇಡಂ ಬರೆಯುತ್ತಿರುವುದು ಆಫೀಸಿಗೂ ಹೋಗುತ್ತದಂತೆ. ಇವತ್ತು ಗೊತ್ತಾಯಿತು.

ಸಂಜೆ

ಅರವತ್ತೆರಡು ಚೂರು. ನೀಲಿ ಪುಸ್ತಕದಲ್ಲಿ ನಲವತ್ತು ಎಂದು ಬರೆದೆ. ಪೆನ್ನಿಗೆ ಮುಚ್ಚಳ ಹಾಕಿ ಎದ್ದೆ.

ಫೆಬ್ರವರಿ ೨೭

ತಿಂಗಳಾಯಿತು ಈ ಕೆಂಪು ಪುಸ್ತಕ ಮುಟ್ಟಿ. ನೀಲಿಯಲ್ಲಿ ದಿನಾ ನಲವತ್ತು, ಮೂವತ್ತೊಂಬತ್ತು, ನಲವತ್ತೊಂದು... ಸುಳ್ಳಿಗೂ ಸ್ವಲ್ಪ ಏರಿಳಿತ ಬೇಕಲ್ಲ.

ಇವತ್ತು ಮೇಡಂ ಕುಣಿದುಕೊಂಡು ಬಂದಳು.

"ಅಜ್ಜಿ! ಇಪ್ಪತ್ತಮೂರರಲ್ಲಿ ಅಪ್ಪಂದೇ ಎಲ್ಲಕ್ಕಿಂತ ಕಮ್ಮಿ! ನಾನು ಬೆಂಕಿಯಣ್ಣಂಗೆ ಹೇಳಿಕೊಟ್ಟ ಮಾರನೇ ದಿನದಿಂದಾನೇ ಸರ್ರಂತ ಇಳಿದಿದೆ. ಒಂದು ಪಾಠಕ್ಕೆ ಇಷ್ಟು!"

ಓದು ಕೊಟ್ಟರೆ ಹೊಗೆ ಇಳಿಯುತ್ತದೆ ಎಂದು ಬರೆದೇಬಿಟ್ಟಿದ್ದಾಳೆ. ಇಳಿಸಿದವಳು ಮೂರನೇ ಕ್ಲಾಸಿನ ನಾನು! ನಾಲ್ಕನೇ ತಾರೀಕು ಅವಳ ಸರ್, ಆಫೀಸಿನವರು, ಉಳಿದ ಭಟ್ಟಿಯವರೆಲ್ಲ ನೋಡಲು ಬರುತ್ತಾರಂತೆ.

ಭಟ್ಟಿ ಉಳಿಸಲು ಹೋದೆ. ಇವಳನ್ನೇ ಬೆಂಕಿಗೆ ಹಾಕಿದೆನೇ? ಹೇಳಿದರೆ ಮಗನ ಭಟ್ಟಿಗೆ ಬೀಗ. ಸುಮ್ಮನಿದ್ದರೆ ನಾಲ್ಕು ಜನರ ಮುಂದೆ ಇವಳ ಮಾನ... ಏನೂ ತಿಳಿಯುತ್ತಿಲ್ಲ.

ಮಾರ್ಚ್ ೩

ಬೆಂಕಿಯಣ್ಣ ಹತ್ತಿರ ಬಂದು ಕೂತ.

"ಅಜ್ಜೀ, ನಿಮ್ಮ ಮೊಮ್ಮಗಳು ನಲವತ್ತು ಅಂತಾಳೆ. ನಾಳೆ ಬಂದೋರು ನನ್ನ ಕೇಳಿದ್ರೆ ಎಷ್ಟು ಬುಟ್ಟಿ ಅನ್ಲಿ?"

"ಕೆಮ್ಮು ಬಂದೋನ ಥರ ಕೆಮ್ಮು."

"ಕೆಮ್ಮು ಬಂದೇ ಇದೆಯಲ್ಲಜ್ಜಿ. ಎಂಟು ವರ್ಷ ಆಯ್ತು."

ಆ ಹೊಗೆ ಯಾರದು ಎಂದು ಕೇಳಿದ್ದೆ. ಯಾರೊಳಗೆ ಹೋಯಿತು ಎಂದು ಕೇಳಿರಲಿಲ್ಲ.

ಅವನು ಹೋದ ಮೇಲೆ ಗೋಡೆ ಪಕ್ಕದ ಗುಡ್ಡೆಗಳಿಂದ ಹೆಚ್ಚಿನ ಚೂರು ತೆಗೆಯಲು ಹೋದೆ. ಒಂದು ಗುಡ್ಡೆಗೆ ಇಪ್ಪತ್ತು ಚೂರು. ಅಂಥವು ಮೂವತ್ತೆಂಟು ಗುಡ್ಡೆ. ಸುಳ್ಳು ಬರೆಯಲು ಎರಡು ಬೆರಳು ಸಾಕು, ಎತ್ತಿ ಎಸೆಯಲು ಸೊಂಟ ಬೇಕು. ಅರ್ಧ ಗುಡ್ಡೆಗೇ ಕೈಬಿಟ್ಟೆ. ತೆಗೆದಿದ್ದನ್ನೂ ವಾಪಸ್ ಇಟ್ಟೆ. ಯಾಕೆ ಇಟ್ಟೆನೋ.

ಮಾರ್ಚ್ ೪, ಬೆಳಿಗ್ಗೆ ಎಂಟು

ಮಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದಾನೆ. ಜೀಪು ಇನ್ನೂ ಬಂದಿಲ್ಲ.

ಮೇಡಂ ಈಗ ಬಂದು ನನ್ನ ಕೆನ್ನೆ ಹಿಂಡಿ ಹೋದಳು. "ನಿನ್ನ ಇಟ್ಟಿಗೆ ಚೂರಿನ ಲೆಕ್ಕಾನ ಸರ್‌ಗೆ ತೋರಿಸ್ತೀನಿ. ಇಂಥ ಪಕ್ಕಾ ಲೆಕ್ಕ ಯಾವ ಭಟ್ಟೀಲೂ ಇಲ್ಲ."

ಕಿಟಕಿಯಲ್ಲಿ ಕಾಣುತ್ತಾಳೆ. ನೀಲಿ ಪುಸ್ತಕ ಹಿಡಿದು ಗುಡ್ಡೆಗಳಿಗೆ ತಾರೀಕಿನ ಚೀಟಿ ಇಡುತ್ತಿದ್ದಾಳೆ. ಮೊದಲ ಗುಡ್ಡೆ ಎಣಿಸಿದಳು. ಪುಸ್ತಕ ನೋಡಿದಳು. ನಕ್ಕಳು. ಅದು ಸರಿ ಇರುತ್ತದೆ. ಜನವರಿ ಇಪ್ಪತ್ತನಾಲ್ಕರವರೆಗೂ ಸರಿ ಇರುತ್ತದೆ.

ಮುಂದೆ ಹೋದಳು. ಒಂದು ಬಿಟ್ಟು ಒಂದು ಎಣಿಸುತ್ತಿದ್ದಾಳೆ.

ಈ ಕೆಂಪು ಪುಸ್ತಕ ಅವಳ ಕೈಗೇ ಕೊಡುವುದು. ಬೈಯಲಿ. ಭಟ್ಟಿಯ ಮಾತು ಆಮೇಲೆ... ಆಮೇಲೆ ಏನು, ನನಗೆ ಗೊತ್ತಿಲ್ಲ.

ಇಪ್ಪತ್ತೈದರ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೆರಳಿಟ್ಟು ಎಣಿಸುತ್ತಿದ್ದಾಳೆ. ತುಟಿ ಅಲ್ಲಾಡುತ್ತಿದೆ. ನಲವತ್ತಕ್ಕೆ ಬರುವ ಮೊದಲು ನಾನೇ ಹೋಗಿ ಅವಳಿಗೆ —