ಹೊರಸಿನ ಕೆಳಗಿನ ಕೆಂಡ

ರಾಯಚೂರು
೯ ಮೇ ೧೯೮೪

ಅವ್ವಾ,

ನಿನ್ನ ಪಾದಕ್ಕೆ ಮಗಳು ಅಮರಮ್ಮ ಹಣೆ ಹಚ್ಚಿ ಮಾಡುವ ಶರಣು. ನಾವೆಲ್ಲ ಈ ಬಿಸಿಲಲ್ಲಿ ಬೇಯದೆ ಉಳಿದಿದ್ದೇವೆ. ಮಾನ್ವಿಯಲ್ಲಿ ನೀನೂ ಹಾಗೇ ಉಳಿದಿದ್ದೀ ಎಂದು ನಂಬಿ ಬರೆಯುತ್ತಿದ್ದೇನೆ.

ಜಾಹೆದಾ, ನಿನಗೂ ಸಲಾಮು. ಈ ಕಾಗದ ಅವ್ವನಿಗೆ ಓದಿ ಹೇಳುವವಳು ನೀನೇ. ಒಂದೇ ಬೆಂಚಿನ ಮೇಲೆ ಕೂತು ಅಕ್ಷರ ಕಲಿತ ತಪ್ಪಿಗೆ ನಿನಗೆ ಈ ಕೆಲಸ ಗಂಟುಬಿದ್ದಿದೆ, ಏನು ಮಾಡಲಿ? ಒಂದು ಸಾಲೂ ಬಿಡಬೇಡ. ನಡುವೆ ಅವ್ವ ‘ಒಲಿ ಮ್ಯಾಲ ಹಾಲು ಅದ’ ಎಂದು ಎದ್ದರೆ ಸೆರಗು ಹಿಡಿದು ಕೂಡಿಸು.

ಅವ್ವಾ, ನೀನು ಬಸ್ಸಿನವರ ಕೈಯಲ್ಲಿ ಕಳಿಸಿದ ಅಂಟಿನ ಉಂಡೆ ಬಂತು, ಬೆಣ್ಣೆ ಬಂತು, ಕೂಸಿಗೆ ಹೊಲಿದ ಕೌದಿ ಬಂತು. ನೀನೊಬ್ಬಳೇ ಬರಲಿಲ್ಲ. ನಿನ್ನ ಮೊಮ್ಮಗಳಿಗೆ ಎರಡು ತಿಂಗಳು ತುಂಬುತ್ತ ಬಂತು, ಇನ್ನೂ ಹೆಸರಿಲ್ಲ. ಹನ್ನೆರಡನೇ ದಿನಕ್ಕೆ ಆಗಬೇಕಾದ ತೊಟ್ಟಿಲನ್ನು ನಾನೇ ತಡೆದು ನಿಲ್ಲಿಸಿದ್ದೇನೆ. ಯಾರು ಕೇಳಿದರೂ ‘ನಮ್ಮವ್ವ ಬರ್ಲಿ’ ಎನ್ನುತ್ತೇನೆ. ಹೆಸರಿಲ್ಲದ್ದಕ್ಕೆ ಓಣಿಯವರು ತಾವೇ ಒಂದು ಹೆಸರಿಟ್ಟಿದ್ದಾರೆ: ‘ಮಷೀನಿನ ಕೂಸು’. ಕೇಳಿದರೆ ನಿನ್ನ ಹೊಟ್ಟೆಗೆ ಹೇಗಾಗುತ್ತದೋ ನೋಡು.

ಹೋದ ಕಾಗದದಲ್ಲಿ ಜಾಹೆದಾ ನಿನ್ನ ಮಾತನ್ನು ಹಾಗ್ಹಾಗೇ ಬರೆದಿದ್ದಳು. ‘ನನ್ನ ಕೈಗುಣ ಚಲೋ ಇಲ್ಲ. ಕೂಸು ಅಲ್ಲೇ ತಂಪಿನ್ಯಾಗ ಇರ್ಲಿ. ನಾ ಇಲ್ಲಿಂದನ ಹರಸ್ತೀನಿ.’ ಓದಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಾಲ್ಕು ವರ್ಷದ ಹಿಂದೆ, ಇಂಥದೇ ವೈಶಾಖದಲ್ಲಿ, ನಿನ್ನ ಮನೆಯ ಬಾಣಂತಿ ಕೋಣೆಯಲ್ಲಿ ನನ್ನ ಮೊದಲ ಮಗ ಹೋದ. ಅಂದಿನಿಂದ ನೀನು ಯಾರ ಕೂಸಿಗೂ ನೀರು ಎರೆದಿಲ್ಲ ಎಂದು ಗೊತ್ತು. ಓಣಿಯ ಅರ್ಧ ಮಕ್ಕಳು ನಿನ್ನ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡು ಬೆಳೆದವರು. ಈಗ ಬಾಣಂತಿ ಮನೆಯವರು ಬಂದು ಕರೆದರೆ ಮಂಡಿ ನೋವು ಎನ್ನುತ್ತೀಯಂತೆ. ನಿನಗೆ ಮಂಡಿ ನೋವು ಇಲ್ಲ ಅವ್ವಾ, ನನಗೆ ಗೊತ್ತಿಲ್ಲವೇ?

ಅದಕ್ಕೇ ಇವತ್ತು ಆ ತಂಪಿನ ಮಷೀನಿನ ಕಥೆಯನ್ನೇ ಹೇಳುತ್ತೇನೆ. ಪೂರಾ ಕೇಳು, ಆಮೇಲೆ ನಿನ್ನ ಕೈಗುಣದ ಮಾತು.

ಇವರು ಗುಮಾಸ್ತರಾಗಿರುವ ಅಕ್ಕಿ ಗಿರಣಿಯಲ್ಲಿ ಸಾಹುಕಾರರ ಕೋಣೆಗೆ ಹೊಸ ಏರ್ ಕಂಡೀಷನ್ ಮಷೀನು ಬಂತು. ಹಳೆಯದನ್ನು ಇವರು ಕೇಳಿಕೊಂಡು ಎತ್ತಿನ ಗಾಡಿಯಲ್ಲಿ ಹೊತ್ತು ತಂದರು. ಕಿಟಕಿಯ ಸರಳು ಕತ್ತರಿಸಿ ಕೂಡಿಸಿದರು. ಮೊದಲನೆಯದು ಸೆಕೆಯಲ್ಲಿ ಹೋಯಿತು, ಇದು ಹೋಗಬಾರದು, ಅದೊಂದೇ ಹಟ. ಬಾಯಿಬಿಟ್ಟು ಹೇಳಲಿಲ್ಲ. ನಿನ್ನ ಅಳಿಯನ ಸ್ವಭಾವ ನಿನಗೆ ಗೊತ್ತೇ ಇದೆ, ಮಾತಿಗೂ ಲೆಕ್ಕ ಇಡುವ ಮನುಷ್ಯ. ಗುಂಡಿಯನ್ನು ಕೊನೆಯ ತನಕ ತಿರುಗಿಸಿ ಹಗಲೂ ರಾತ್ರಿ ಮಷೀನು ಓಡಿಸಿದರು. ಹೊರಗೆ ಮೀಟರಿನ ಚಕ್ರ ಗಿರಗಿಟ್ಟೆಯಂತೆ ತಿರುಗುತ್ತಿತ್ತು.

ಮೊದಲ ಬಿಲ್ಲು ಬಂದ ದಿನ ಊಟಕ್ಕೆ ಕೂತವರು ರೊಟ್ಟಿ ಮುರಿಯದೆ ಎದ್ದರು. ಮರುದಿನದಿಂದ ಗಿರಣಿಯಲ್ಲಿ ರಾತ್ರಿ ಪಾಳಿಯನ್ನೂ ಹಿಡಿದರು. ‘ಬ್ಯಾಡ, ಬಂದ್ ಮಾಡ್ರಿ’ ಎಂದೆ. ‘ಕೂಸಿನಕಿಂತ ಬಿಲ್ಲು ದೊಡ್ಡದೇನು?’ ಎಂದರು. ವಿಚಿತ್ರವೆಂದರೆ ಅಷ್ಟೆಲ್ಲ ಓಡಿಸಿದರೂ ಕೋಣೆ ತಣ್ಣಗಾಗುತ್ತಿರಲಿಲ್ಲ. ಮಷೀನಿನ ಎದುರು ನಿಂತವರಿಗೆ ನಡುಕ, ಹೊರಸಿನ ಮೇಲೆ ಮಲಗಿದವರಿಗೆ ಬೆವರು. ಕೂಸಿನ ಕುತ್ತಿಗೆಯ ತುಂಬ ಬೆವರುಸಾಲೆ.

ಯಾಕೆ ಗೊತ್ತೇನು? ನೀನು ಬರಲಿಲ್ಲವೆಂದು ಬಾಣಂತನಕ್ಕೆ ದೇವದುರ್ಗದಿಂದ ನಮ್ಮ ಅತ್ತೆ ಬಸವಂತಮ್ಮನವರು ಬಂದಿದ್ದರಲ್ಲ, ಅವರು ಬಂದ ದಿನವೇ ಅಗ್ಗಿಷ್ಟಿಗೆ ಹುಡುಕಿದರು. ‘ಬಾಣಂತಿಗಿ ತಂಪು ಹತ್ತಿದ್ರ ಮುಪ್ಪಿನ್ಯಾಗ ಸೊಂಟ ಹಿಡೀತದ’ ಎಂದು ಹೊರಸಿನ ಕೆಳಗೆ ಕೆಂಡ ಇಟ್ಟರು. ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಹೊಗೆ ಹೋಗಲಿ ಎಂದು ಮೇಲಿನ ಬೆಳಕಿಂಡಿ ತೆರೆದರು. ಮಗ ತಂದ ಮಷೀನನ್ನು ಅವರು ಬೇಡ ಎನ್ನಲಿಲ್ಲ, ತಾಯಿ ಇಟ್ಟ ಕೆಂಡವನ್ನು ಮಗ ಬೇಡ ಎನ್ನಲಿಲ್ಲ. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ನನ್ನನ್ನೂ ಕೂಸನ್ನೂ ನಡುವೆ ಬೇಯಿಸಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಸಂಸಾರ. ಜಾಹೆದಾ, ನಗಬೇಡ, ಮುಂದೆ ಓದು.

ಮಷೀನು ಕೆಟ್ಟಿದೆ ಎಂದು ಇವರು ಮೆಕ್ಯಾನಿಕ್ ಮೀರಾಹುಸೇನನನ್ನು ಕರೆತಂದರು. ಅವನು ಮುಂದಿನ ಜಾಳಿಗೆ ಬಿಚ್ಚಿದರೆ ಬೂದಿ ಮೆತ್ತಿ ಹಪ್ಪಳದಂತಾಗಿತ್ತು. ಅಡುಗೆ ಇಲ್ಲದ ಕೋಣೆಯಲ್ಲಿ ಬೂದಿ ಎಲ್ಲಿಂದ ಬಂತೆಂದು ಬಗ್ಗಿ ಹೊರಸಿನ ಕೆಳಗೆ ನೋಡಿದ. ನೋಡಿ, ನೆಲದ ಮೇಲೆ ಕೂತುಬಿಟ್ಟ. ‘ಅಮ್ಮಾ, ಮಷೀನು ಖರಾಬ್ ಆಗಿಲ್ರಿ. ತೆಳಗ ಕೆಂಡ ಇಟ್ಟು ಮ್ಯಾಲ ತಂಪು ಬೇಡಿದ್ರ ಅದಾದ್ರೂ ಏನು ಮಾಡಬೇಕ್ರಿ?’ ಎಂದ. ಇವರು ನಕ್ಕರು. ನನಗೂ ನಗು ಬರಬೇಕಾಗಿತ್ತು. ಅತ್ತೆ ಮಾತ್ರ ಮುಖ ಗಂಟು ಹಾಕಿಕೊಂಡು, ‘ನಮ್ಮ ಹಿರ್ಯಾರೇನು ಹುಚ್ಚರಿದ್ರೇನಪ್ಪಾ’ ಎನ್ನುತ್ತ ಹೊಸ ಕೆಂಡ ತುಂಬಿಕೊಂಡು ಬಂದರು.

ಆಗ ನನ್ನ ಬಾಯಿಂದ ಬರಬಾರದ ಮಾತು ಬಂತು. ‘ಹಿಂಗ ಮಾಡೇ ಮೊದಲ್ನೇದು ಹೋತು! ಇದನ್ನೂ ಕಳೀಬೇಕಂತೀರೇನು?’ ಎಂದು ಹೊರಗಿನವನ ಎದುರಿಗೆ ಅತ್ತೆಯ ಮೇಲೆ ಕೂಗಿಬಿಟ್ಟೆ. ಅತ್ತೆ ಸೆರಗಿನಲ್ಲಿ ಅಗ್ಗಿಷ್ಟಿಗೆ ಹಿಡಿದು ಅಂಗಳಕ್ಕೆ ಹೋಗಿ ಕೆಂಡದ ಮೇಲೆ ಒಂದು ಕೊಡ ನೀರು ಸುರಿದರು. ಅವತ್ತು ಉಣ್ಣಲಿಲ್ಲ. ಬೆಳಗಾದರೆ ದೇವದುರ್ಗದ ಬಸ್ಸು ಹತ್ತುತ್ತಾರೆ ಎಂದುಕೊಂಡೆ.

ಬೆಳಗಾಯಿತು. ಅತ್ತೆ ಬಸ್ಸು ಹತ್ತಲಿಲ್ಲ, ಏಣಿ ಹತ್ತಿದರು! ಬಂಡೆ ಹಾಸಿದ ಮಾಳಿಗೆಯ ಮೇಲೆ ಬರಿಗಾಲಿಟ್ಟು ನೋಡಿ, ‘ಇಲ್ಲೇ ಅದ ನೋಡು ನಿಮ್ಮ ಒಲಿ. ಹಗಲೆಲ್ಲ ಕಾಯ್ತದ, ರಾತ್ರಿಯೆಲ್ಲ ಉಗುಳ್ತದ’ ಎಂದರು. ಮಗನ ಕೈಯಲ್ಲಿ ಮಾಳಿಗೆಗೆಲ್ಲ ದಪ್ಪಗೆ ಸುಣ್ಣ ಬಳಿಸಿದರು. ನಿನ್ನ ಅಳಿಯ ಲುಂಗಿ ಎತ್ತಿ ಕಟ್ಟಿ, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಇಳಿದು ಬಂದದ್ದನ್ನು ನೀನು ನೋಡಬೇಕಾಗಿತ್ತು. ಬೆಳಕಿಂಡಿ ಮುಚ್ಚಿಸಿದರು. ಬಾಗಿಲ ಸಂದಿಗೆ ಗಿರಣಿಯ ಹಳೇ ಗೋಣಿ ಚೀಲ ಸುತ್ತಿಟ್ಟರು. ಹೊರಗೆ ಮಷೀನಿನ ಬೆನ್ನಿಗೆ ಬಿಸಿಲು ಬೀಳದಂತೆ ಗಾಳಿಗೆ ಜಾಗ ಬಿಟ್ಟು ಒಂದು ಚಪ್ಪರ ಹಾಕಿಸಿದರು. ಜಾಳಿಗೆಯನ್ನು ಈಗ ವಾರಕ್ಕೊಮ್ಮೆ ತಾವೇ ತೊಳೆದು, ಸಂಡಿಗೆ ಒಣಗಿಸಿದ ಹಾಗೆ ಒಣಗಿಸುತ್ತಾರೆ. ಗುಂಡಿ ಕೊನೆಗಲ್ಲ, ನಡುವೆ ಇರಬೇಕು ಎಂದು ಮೀರಾಹುಸೇನ ಹೇಳಿದ್ದ. ಅದನ್ನು ಯಾರಾದರೂ ಮುಟ್ಟಿದರೆ ಅತ್ತೆ ಕೈ ಮೇಲೆ ಹೊಡೆಯುತ್ತಾರೆ.

ಈಗ ನಡುಮಧ್ಯಾಹ್ನದಿಂದ ಬಿಸಿಲು ಇಳಿಯುವ ತನಕ ಮಾತ್ರ ಮಷೀನು. ಆಮೇಲೆ ಅದನ್ನು ನಿಲ್ಲಿಸಿ ಫ್ಯಾನು ಹಾಕುತ್ತೇವೆ, ಹಿಡಿದ ತಂಪು ಬಹಳ ಹೊತ್ತು ನಿಲ್ಲುತ್ತದೆ. ಸಂಜೆ ಕಿಟಕಿ ತೆರೆದು ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಬರುವ ಗಾಳಿಗೆ ಮಣ್ಣಿನ ವಾಸನೆ. ಮೊನ್ನೆ ಬಂದ ಬಿಲ್ಲು ಮೊದಲಿನದರ ಅರ್ಧಕ್ಕೂ ಕಡಿಮೆ. ಇವರು ಬಿಲ್ಲು ಕೊಡುವವನನ್ನು ನಿಲ್ಲಿಸಿ ‘ಇದು ನಮ್ಮನೀದೇ ಏನ್ರಿ?’ ಎಂದು ಕೇಳಿದರು. ರಾತ್ರಿ ಪಾಳಿ ಬಿಟ್ಟಿದ್ದಾರೆ. ಕೂಸಿನ ಬೆವರುಸಾಲೆ ಹೋಗಿದೆ. ಈಗ ನಿದ್ದೆಯಲ್ಲಿ ನಗುತ್ತದೆ. ನಿನ್ನ ಹಾಗೇ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ.

ಅವ್ವಾ, ಈಗ ನಿನ್ನ ಕೈಗುಣದ ಮಾತಿಗೆ ಬರುತ್ತೇನೆ. ನೀನು ನನ್ನ ಮೊದಲ ಮಗನ ಹೊರಸಿನ ಕೆಳಗೆ ಕೆಂಡ ಇಟ್ಟೆ, ಬಾಗಿಲು ಹಾಕಿದೆ. ನನ್ನನ್ನು ಹೆತ್ತಾಗ ನಿನ್ನ ಅವ್ವ ಹಾಗೇ ಮಾಡಿದ್ದಳು. ಇಲ್ಲಿ ಅತ್ತೆಯೂ ಅದನ್ನೇ ಮಾಡಿದರು. ಕರೆಂಟಿನ ಮಷೀನು ಕಣ್ಣೆದುರು ಗುಂಯ್ ಎನ್ನುತ್ತಿದ್ದರೂ ಮಾಡಿದರು. ಯಾರಿಗೂ ಕೂಸಿನ ಮೇಲೆ ಹಗೆ ಇರಲಿಲ್ಲ. ಅವನು ಸೆಕೆಯಿಂದಲೇ ಹೋದನೋ, ಆಗ ಬಂದಿದ್ದ ಜ್ವರದಿಂದ ಹೋದನೋ, ಡಾಕ್ಟರರೂ ಖಂಡಿತ ಹೇಳಲಿಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬಹಳ ದಿನ ಇತ್ತು. ಅತ್ತೆಯ ಮೇಲೆ ಕೂಗಿದೆನಲ್ಲ, ಆ ಕೂಗಿನಲ್ಲಿ ಅದು ಹೊರಗೆ ಹೋಯಿತು. ಈಗ ಹುಡುಕಿದರೂ ಸಿಗುವುದಿಲ್ಲ. ಈಗ ನನಗಿರುವುದು ನಿನ್ನ ನೆನಪು ಮಾತ್ರ. ಕೂಸಿಗೆ ನೀರು ಹಾಕುವಾಗ ಅತ್ತೆ ಅದರ ಕಿವಿಯನ್ನು ಅಂಗೈಯಿಂದ ಮುಚ್ಚುವುದನ್ನು ಮರೆಯುತ್ತಾರೆ. ನೀನಾಗಿದ್ದರೆ ಮರೆಯುತ್ತಿರಲಿಲ್ಲ ಎಂದು ದಿನಾಲು ಅನ್ನಿಸುತ್ತದೆ.

ಬರುವ ಹುಣ್ಣಿಮೆಗೆ ತೊಟ್ಟಿಲು ಇಟ್ಟುಕೊಂಡಿದ್ದೇವೆ. ನೀನು ಬಂದರೆ ಹೆಸರು, ಬರದಿದ್ದರೆ ‘ಮಷೀನಿನ ಕೂಸು’ ಎಂದೇ ಬೆಳೆಯಲಿ, ಶಾಲೆಯಲ್ಲೂ ಅದನ್ನೇ ಬರೆಸುತ್ತೇನೆ. ನಾನು ಮಾಡುವವಳೇ, ನಿನ್ನ ಮಗಳಲ್ಲವೇ? ನನ್ನ ಕೂಸನ್ನು ನಿನ್ನ ಕೈಯಲ್ಲಿ ಕೊಡಲು ನನಗೆ ಹೆದರಿಕೆಯಿಲ್ಲ. ಇಸಿದುಕೊಳ್ಳಲು ನಿನಗೆ ಹೆದರಿಕೆಯಾದರೆ ಇಬ್ಬರೂ ಕೂಡಿ ಹಿಡಿಯೋಣ.

ನಿನ್ನ ದಾರಿ ನೋಡುತ್ತಿರುವ ಮಗಳು,
ಅಮರಮ್ಮ

ತಾ.ಕ.: ಕಾಗದವನ್ನು ಇವರಿಗೆ ಓದಿ ಹೇಳುತ್ತಿದ್ದೆ. ಅತ್ತೆ ಅಡುಗೆಮನೆಯಿಂದ ಬಂದು ಹೊಸ್ತಿಲ ಮೇಲೆ ಕೂತು, ‘ನನ್ನವೂ ನಾಕು ಮಾತು ಬರಿ’ ಎಂದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಜಾಹೆದಾ, ಮೆಲ್ಲಗೆ ಓದು.

‘ಬೀಗತ್ಯಾರ, ನಿಮ್ಮ ಅಳ್ಯಾ ವಿರೂಪಣ್ಣಗಿಂತ ಮೊದಲ ನನಗೊಂದು ಗಂಡು ಕೂಸು ಇತ್ರಿ. ಅದೂ ವೈಶಾಖದಾಗ, ಬಾಗ್ಲಾ ಹಾಕಿದ ಬಾಣಂತಿ ಖ್ವಾಲ್ಯಾಗ, ನಮ್ಮವ್ವನ ಕೈಯಾಗ ಹೋತು. ನಾ ಸಿಟ್ಟಿಗೆದ್ದು ತವರಮನಿ ಬಿಟ್ಟೆ. ಆಕಿ ಸಾಯೂ ಮುಂದ ಹೇಳಿ ಕಳಿಸಿದ್ರೂ ಹೋಗಲಿಲ್ಲ. ಕಡೀಗಿ ರೂಢಿ ಅಂತ ನಾನೂ ಅದೇ ಕೆಂಡಾನ ಇಟ್ಟೆ. ಈ ಹುಡುಗಿ ಅವತ್ತು ನನ್ನ ಮ್ಯಾಲ ಕೂಗಿದಾಗ ನನಗ ನಮ್ಮವ್ವನ ಮಕಾ ಕಂಡಂಗಾತು. ನಿಮ್ಮ ಮಗಳು ನನ್ನಂಥಾಕಿ ಅಲ್ರಿ. ಆಕಿ ಕರಿಯಾಕತ್ತಾಳ, ಬರ್ರಿ.’

ಇವರು ಬಿಲ್ಲಿನ ಕಾಗದ ಕೈಯಲ್ಲೇ ಹಿಡಿದು ನಿಂತಿದ್ದಾರೆ. ತಮಗೊಬ್ಬ ಅಣ್ಣ ಇದ್ದನೆಂದು ಇವರಿಗೆ ಇವತ್ತೇ ಗೊತ್ತಾದದ್ದು.