ಬಾಗದ ತೆನೆಗಳು

ಬಸವಾಪಟ್ಟಣ
೧೯ ಮೇ ೨೦೨೪

ಮಗಳು ರುಹೀನಾಳಿಗೆ,

ನಿನ್ನ ಮಾವ ಖಾಜಾಸಾಬನ ಸಲಾಂ. ನ್ಯಾಮತಿಯಲ್ಲಿ ನೀನೂ ನಿನ್ನ ಅಮ್ಮ ಸೈದಾಬೀಯೂ ಹೇಗಿದ್ದೀರಿ ಎಂದು ಕೇಳಲು ಹದಿನಾಲ್ಕು ತಿಂಗಳು ತೆಗೆದುಕೊಂಡೆ. ನಾಲ್ಕು ದಿನ ತವರಲ್ಲಿದ್ದು ಬಾ ಎಂದು ನಿನ್ನನ್ನು ಬಸ್ಸು ಹತ್ತಿಸಿದವನು ನಾನೇ. ಫೋನ್ ಮಾಡಬಹುದಿತ್ತು. ಆದರೆ ನನ್ನದು ಅಂಗಡಿಯ ಬಾಯಿ, ಎಂಥದ್ದನ್ನೂ ನಯ ಮಾಡಿ ಕೊಟ್ಟುಬಿಡುತ್ತದೆ. ಬರೆಯುವ ಕೈಗೆ ಆ ಚಾಲಾಕಿ ಇಲ್ಲ.

ಬಿಸಿಲು ಇನ್ನೂ ಇಳಿದಿಲ್ಲ. ನಿನ್ನ ಅತ್ತೆಯ ಮಂಡಿನೋವು ಹಾಗೇ ಇದೆ. ಬೀಜದಂಗಡಿಯಲ್ಲಿ ಈ ತಿಂಗಳು ವ್ಯಾಪಾರಕ್ಕಿಂತ ಜಗಳವೇ ಹೆಚ್ಚು. ಕೆರೆ ಕೆಳಗಿನ ಗದ್ದೆಯ ಬೆನಕಪ್ಪ ಗೊತ್ತಲ್ಲ? ಅವನ ಭತ್ತದ ತೆನೆಗಳು ಕಾಳು ತುಂಬಿ ಬಾಗುವ ಹೊತ್ತಿಗೆ ನೆಟ್ಟಗೆ ನಿಂತಿದ್ದವು. ಒಂದು ಹಿಡಿ ಕಿತ್ತು ತಂದು ನನ್ನ ಮೇಜಿನ ಮೇಲೆ ಹಾಕಿ, ಎದುರಿನ ಚಹಾದಂಗಡಿಗೂ ಕೇಳುವ ಹಾಗೆ ಅಂದ: "ಸಾಬ್ರೇ, ನೀವು ಕೊಟ್ಟ ಬೀಜ ಬಂಜೆ ಕಣ್ರೀ."

ನಾನು ಅವನಿಗಿಂತ ಜೋರಾದೆ. ಮಾರುವ ಮುಂಚೆ ಪ್ರತಿ ಚೀಲದಿಂದ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಎಷ್ಟೋ ಸಲ ನೀನೇ ಕಟ್ಟಿಕೊಟ್ಟಿದ್ದೀಯ. ಅವನ ಚೀಲದ್ದು ತೊಂಬತ್ತನಾಲ್ಕು ಮೊಳೆತಿದ್ದವು. ಬರೆದಿಟ್ಟ ಚೀಟಿ ತೋರಿಸಿದರೂ ಅವನು ಒಪ್ಪಲಿಲ್ಲ. ಒಂದು ತೆನೆ ಬಿಡಿಸಿ ಎಣಿಸಿದೆ: ನೂರಾ ಮೂವತ್ತೆರಡರಲ್ಲಿ ನಲವತ್ತೊಂದು ಗಟ್ಟಿ, ಮಿಕ್ಕಿದ್ದೆಲ್ಲ ಜೊಳ್ಳು.

ಕೊನೆಗೆ ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರದಿಂದ ಹೇಮಾವತಿ ಮೇಡಂ ಬಂದರು. ನಾಟಿ ಯಾವಾಗ ಎಂದು ಕೇಳಿದರು. ಬೋರಿನ ಮೋಟಾರು ಸುಟ್ಟು ಇಪ್ಪತ್ತು ದಿನ ತಡವಾಗಿತ್ತು ಎಂದು ಬೆನಕಪ್ಪ ಒಪ್ಪಿಕೊಂಡ. ಹಾಗಾಗಿ ಹೂವು ಏಪ್ರಿಲ್ ಕೊನೆಗೆ ಬಂದಿದೆ. ಭತ್ತದ ಹೂವು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಬಿಚ್ಚಿ ಒಂದು ತಾಸಿನಲ್ಲಿ ಮುಚ್ಚಿಕೊಳ್ಳುತ್ತದಂತೆ. ಅಷ್ಟರೊಳಗೆ ಪರಾಗ ಉದುರಿದರೆ ಕಾಳು, ಇಲ್ಲದಿದ್ದರೆ ಜೊಳ್ಳು. ಈ ಸಲ ಆ ಹೊತ್ತಿಗೇ ಮೂವತ್ತೇಳು ಡಿಗ್ರಿ ದಾಟುತ್ತಿತ್ತು.

"ಹೆಣ್ಣು ಭಾಗ ಚೆನ್ನಾಗೇ ಐತ್ರೀ," ಎಂದರು ಮೇಡಂ. "ಪರಾಗದ ಚೀಲ ಬಿಸಿಲಿಗೆ ಬಿರೀಲೇ ಇಲ್ಲ. ಗಂಡಿನ ಕಡೆ ಕೆಟ್ಟೈತೆ. ಹೊರಗಿಂದ ನೋಡಿದ್ರೆ ಗೊತ್ತಾಗಾಕಿಲ್ಲ."

ನಾನು ತೆನೆಯನ್ನೇ ನೋಡುತ್ತ ನಿಂತೆ.

ಮರುದಿನ ಬೆನಕಪ್ಪ ಚಹಾದಂಗಡಿಯಲ್ಲಿ ಎಲ್ಲರ ಮುಂದೆ, "ನಂದು ತಪ್ಪಾತು ಸಾಬ್ರೇ, ಸುಮ್ಸುಮ್ನೆ ಬೀಜದ ಮ್ಯಾಲೆ ಹೊರಿಸಿಬಿಟ್ಟೆ," ಎಂದ. ಬೆಳೆ ಹೋದ ಮನುಷ್ಯ ಹಾಗಂದು ಚಹಾನೂ ಕುಡಿಸಿದ. ನಾನು ಅರ್ಧಕ್ಕೇ ಲೋಟ ಕೆಳಗಿಟ್ಟೆ. ಒಂದು ಚೀಲ ಬೀಜದ ಮಾನಕ್ಕೆ ನಾನು ಊರು ಕೇಳುವಂತೆ ಕೂಗಿದ್ದೆ. ಬಂಜೆ ಎಂಬ ಅದೇ ಮಾತನ್ನು ನಮ್ಮ ಅಂಗಳದಲ್ಲಿ ಮನೆಯವರೇ ನಿನಗೆ ಅಂದಾಗ, ಮಗಳೇ, ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿದ್ದೆ.

ಹೊನ್ನಾಳಿಯಲ್ಲಿ ನನ್ನ ಮಗ ಅಲ್ತಾಫನಿಗೆ ಇನ್ನೊಂದು ಹೆಣ್ಣು ನೋಡಿದ್ದು ನಿನ್ನ ಕಿವಿಗೂ ಬಿದ್ದಿರಬೇಕು. ನಿನ್ನೆ ಹೋಗಿ ಬೇಡವೆಂದು ಬಂದೆ. ಯಾಕೆ ಎಂದರು. ಬಿಸಿಲು ಎಂದೆ. ನಕ್ಕರು. ಮನೆಯಲ್ಲಿ ಇನ್ನೂ ಹೇಳಿಲ್ಲ. ದಣಿದಿದ್ದೇನೆ.

ಅಲ್ಲಾಹ್ ನಿನ್ನ ತಲೆಯ ಮೇಲೆ ನೆರಳಿಟ್ಟಿರಲಿ. ಅಮ್ಮನಿಗೆ ನನ್ನ ಸಲಾಂ, ಅವರು ತೆಗೆದುಕೊಂಡರೆ.

ಇಂತಿ ನಿನ್ನ ಮಾವ,
ಖಾಜಾಸಾಬ್

ಮರೆತದ್ದನ್ನು ಸಹಿಯ ಕೆಳಗೆ ಬರೆಯುತ್ತಾರೆ; ನಾನು ಮರೆತಿರಲಿಲ್ಲ. ಎರಡು ವರ್ಷದ ಹಿಂದೆ ದಾವಣಗೆರೆಯಲ್ಲಿ ನಿಮ್ಮಿಬ್ಬರ ಪರೀಕ್ಷೆ ಮಾಡಿಸಿದೆವಲ್ಲ, ರಿಪೋರ್ಟು ತಂದವನು ನಾನು. ನಿನ್ನದರಲ್ಲಿ ಯಾವ ದೋಷವೂ ಇರಲಿಲ್ಲ. "ಅಬ್ಬಾ, ನಂದೇನಾತು?" ಎಂದು ಅಲ್ತಾಫ್ ಕೇಳಿದ. "ನಿಂದು ಸರಿ ಐತೆ," ಎಂದೆ. ದೋಷ ಇದ್ದದ್ದು ಅವನದರಲ್ಲಿ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಹಾಳೆ ಈ ಲಕೋಟೆಯಲ್ಲಿವೆ. ಅವನಿಗೆ ನಾನೇ ಹೇಳಬೇಕು. ಇದನ್ನು ಟಪಾಲಿಗೆ ಹಾಕಿದ ಮೇಲೆ ಹೇಳದೆ ಇರಲಾಗುವುದಿಲ್ಲ; ಅದಕ್ಕೇ ಮೊದಲು ಹಾಕುತ್ತಿದ್ದೇನೆ.